ಬೇವಿನ ಗಿಡದ ಸ್ಟಾಪು

ಹೊಟ್ಟೆ ಸುಮ್ಮನಿದ್ದ ದಿನವೂ ಬೇವಿನ ಗಿಡದ ಹತ್ತಿರ ಗಾಡಿ ನಿಲ್ಲಿಸಬೇಕಲ್ಲ ಎಂಬುದೇ ಗೌತಮನಿಗೆ ಈಗೀಗ ದೊಡ್ಡ ಸಂಕಟವಾಗಿತ್ತು. ಮಮದಾಪುರದಿಂದ ಬೆಳಗಿನ ಬಸ್ಸು ಹೊರಡಿಸಿದಾಗಿನಿಂದ ಅದೇ ಯೋಚನೆ. ಕೆರೆ ಏರಿಯ ಹತ್ತಿರ ಕುರಿಗಳು ರಸ್ತೆ ತುಂಬ ಬಂದು ನಿಂತವು, ಕಾಯುವವನು ಅವಸರವೇ ಇಲ್ಲದೆ ಅವುಗಳನ್ನು ಬದಿಗೆ ಹೊಡೆಯುತ್ತಿದ್ದ, ಸ್ಟೇರಿಂಗ್ ಮೇಲೆ ಕೈಯಿಟ್ಟುಕೊಂಡು ಕೂತ ಗೌತಮ ತನ್ನ ಹೊಟ್ಟೆಯನ್ನು ಮೆಲ್ಲಗೆ ಕೇಳಿದ: ಏನಪಾ, ಹೆಂಗದಿ? ಅದು ಉತ್ತರ ಕೊಡಲಿಲ್ಲ. ಉತ್ತರ ಕೊಡದ ಹೊಟ್ಟೆಯ ಸುಖ ಅದರ ಕೈಯಲ್ಲಿ ಸಿಕ್ಕು ಒದ್ದಾಡಿದವನಿಗೇ ಗೊತ್ತು. ಉಳಿದವರು ತಮಗೊಂದು ಕರುಳಿದೆ ಎಂಬುದನ್ನೇ ಮರೆತು ಉಣ್ಣುತ್ತಾರೆ, ನಗುತ್ತಾರೆ, ಪುಣ್ಯವಂತರು. ಎಷ್ಟೋ ತಿಂಗಳಿಂದ ಅವನ ಹೊಟ್ಟೆ ಹೀಗೆ ಸುಮ್ಮನಿತ್ತು. ಆದರೆ ಹಿಂದಿನ ಸೀಟುಗಳಲ್ಲಿ ಹೆಂಗಸರು ಸಕ್ಕರೆಯ ಪೊಟ್ಟಣ, ಊದಿನಕಡ್ಡಿ ಹಿಡಿದು ಕೂತಿದ್ದರು. ಬಬಲೇಶ್ವರ ದಾಟಿ, ಸಾರವಾಡ ಬರುವ ಮುಂಚೆ ಸಿಗುವ ಆ ಜಾಗಕ್ಕೆ ಡಿಪೋದ ಕಾಗದದಲ್ಲಿ ಹೆಸರಿಲ್ಲ. ಕಂಡಕ್ಟರ್ ತುಕಾರಾಮನೇ ಅದಕ್ಕೆ ಪೀರಸಾಹೇಬನ ಸ್ಟಾಪು ಎಂದು ಹೆಸರಿಟ್ಟು, ಸೀಟಿ ಊದಿ, ದೊಡ್ಡ ಗಂಟಲಲ್ಲಿ ಕೂಗುತ್ತಿದ್ದ. ಆ ಸ್ಟಾಪನ್ನು ಹುಟ್ಟಿಸಿದವನು ಗೌತಮ, ಅದೂ ಒಂದು ಸುಳ್ಳಿನಿಂದ.

ಎರಡು ವರ್ಷದ ಹಿಂದೆ, ಇದೇ ರಸ್ತೆ. ಬಬಲೇಶ್ವರ ಬಿಟ್ಟು ಸ್ವಲ್ಪ ಹೊತ್ತಿಗೆ ಹೊಟ್ಟೆಯೊಳಗೆ ಯಾರೋ ಹಗ್ಗ ಹೊಸೆದಂತಾಯಿತು. ಅಂಥ ಹೊತ್ತಿನಲ್ಲಿ ಮನುಷ್ಯನಿಗೆ ದೇಶವೂ ಇಲ್ಲ ಕೋಶವೂ ಇಲ್ಲ, ಒಂದು ಬಾಗಿಲು ಕಂಡರೆ ಸಾಕು. ಕಂಡಿತು. ರಸ್ತೆ ಬದಿಗೆ ಬೇವಿನ ಗಿಡ, ಅದರ ಬುಡಕ್ಕೆ ಸುಣ್ಣ ಬಳಿದ ಒಂದು ಗೋರಿ, ಮೇಲೆ ಬಣ್ಣ ಮಾಸಿದ ಹಸಿರು ಬಟ್ಟೆ, ಪಕ್ಕದಲ್ಲಿ ಒಂದೇ ಕೋಲಿಯ ಪುಟ್ಟ ಮನೆ, ಮನೆಯ ಹಿಂದೆ ನೀಲಿ ತಗಡಿನ ಬಾಗಿಲಿನ ಸಂಡಾಸು. ಗಾಡಿ ತಂತಾನೇ ನಿಂತಂತೆ ನಿಂತಿತು. 'ಒಂದ ನಿಮಿಷ, ಪೀರಸಾಹೇಬಗ ಕೈ ಮುಗದ ಬರ್ತೇನಿ' ಎಂದು ತುಕಾರಾಮನಿಗೆ ಹೇಳಿದ್ದು ತಾನೇ ಹೌದೋ ಅಲ್ಲವೋ ಎಂದು ಗೌತಮನಿಗೆ ಇಂದಿಗೂ ಅನುಮಾನ. ಓಡಿದ. ವಾಪಸು ಬರುವಾಗ ಇಡೀ ಬಸ್ಸು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡುತ್ತಿತ್ತು. ಹೇಳಿದ ಮಾತಿಗಾಗಿ ಗೋರಿಯ ಮುಂದೆ ನಿಂತು ಕೈ ಜೋಡಿಸಬೇಕಾಯಿತು. ಯಾವ ದೇವರಿಗೂ ಕೈ ಮುಗಿಯುವುದಿಲ್ಲ ಎಂದು ಬೌದ್ಧ ದೀಕ್ಷೆಯ ದಿನ ಎಲ್ಲರೆದುರು ಗಟ್ಟಿಯಾಗಿ ನುಡಿದ ಪರಸಪ್ಪನ ಮಗ ಅವನು. ಸುದ್ದಿ ನಡೆದು ನಡೆದು ಪರಸಪ್ಪನ ಕಿವಿಗೂ ಹೋಯಿತು. ಮುದುಕ ತಾಟನ್ನು ಬದಿಗೆ ಸರಿಸಿ, 'ನನ್ನ ಕೈಯಾಗ ಬೆಳದು ಗೋರಿಗೆ ಕೈ ಮುಗಿತಿಯೇನಲೇ' ಎಂದು ಕೇಳಿದ. ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋದ ಕೆಳಗೇ ಕೂತಿದ್ದ ಗೌತಮ ತಲೆ ತಗ್ಗಿಸಿದ. ಮುಗಿದೆ ಎಂದು ಒಪ್ಪಿಕೊಳ್ಳುವುದು ಸುಲಭವಾಗಿತ್ತು. ರಕ್ತ ಬೀಳುತ್ತದೆ, ತಡೆದುಕೊಳ್ಳಲಾಗುವುದಿಲ್ಲ, ಒಮ್ಮೆ ಖಾಕಿ ಪ್ಯಾಂಟು ಹೊಲಸು ಮಾಡಿಕೊಂಡು ಡಿಪೋದ ಹಿಂದೆ ಟಾವೆಲ್ ಸುತ್ತಿಕೊಂಡು ಕೂತಿದ್ದೆ ಎಂದು ಅಪ್ಪನಿಗೆ ಹೇಳುವುದು ಅವನಿಂದ ಆಗಲಿಲ್ಲ. ಹಲವು ದಿನ ಮುದುಕ ಅವನ ಜೊತೆ ಉಣ್ಣಲಿಲ್ಲ.

ಹೆಂಡತಿ ಆಮ್ರಪಾಲಿಗೆ ಮಾತ್ರ ಎಲ್ಲ ಗೊತ್ತು. ಅವಳ ತವರು ತಿಕೋಟಾ. ಅಲ್ಲಿ ಅವಳ ಅಣ್ಣನ ಹೊಸ ಮನೆಯ ಊಟಕ್ಕೆ ಹೋದಾಗ ಗೌತಮ ಒಂದು ತುತ್ತೂ ಮುಟ್ಟಲಿಲ್ಲ. ಮುಟ್ಟಿದ್ದರೆ ವಾಪಸು ಬರುವ ಹಾದಿಯಲ್ಲಿ ಎರಡೂ ಬದಿ ಬರೀ ದ್ರಾಕ್ಷಿ ತೋಟ, ಇಳಿಯುವುದೆಲ್ಲಿ? 'ಸರ್ಕಾರಿ ನೌಕರಿ ಅಂತ ಸೊಕ್ಕು, ನಮ್ಮ ಮನಿ ಅನ್ನಾ ಸೇರಂಗಿಲ್ಲ' ಎಂದು ಅಲ್ಲಿಯ ಹೆಂಗಸರು ಆಡಿಕೊಂಡದ್ದನ್ನು ಆಮ್ರಪಾಲಿ ನುಂಗಿಕೊಂಡಳು. ಮೂಲವ್ಯಾಧಿ ಇರಬೇಕೆಂದು ಅವನು ಎಲ್ಲೆಲ್ಲಿಯ ಬೇರನ್ನೋ ಅರೆದು ಕುಡಿದ, ಖಾರ ಬಿಟ್ಟ, ಬರೀ ಮಜ್ಜಿಗೆಯಲ್ಲಿ ದಿನ ದೂಡಿದ, ಅಂಗಿಯೊಳಗಿನ ಮೈ ಇಳಿದು ಹ್ಯಾಂಗರಿಗೆ ತೂಗುಹಾಕಿದಂತಾದ. ಕೊನೆಗೆ ಆಮ್ರಪಾಲಿ ಅವನನ್ನು ಅಕ್ಷರಶಃ ಕೈ ಹಿಡಿದು ಎಳೆದುಕೊಂಡು ವಿಜಯಪುರಕ್ಕೆ, ಸೊಲ್ಲಾಪುರ ರಸ್ತೆಯ ಒಂದು ದವಾಖಾನೆಗೆ ಒಯ್ದಳು.

ಅಲ್ಲಿ ಕಂಡದ್ದನ್ನು ನೆನೆದರೆ ಅವನಿಗೆ ಈಗಲೂ ಮೈ ಜುಂ ಎನ್ನುತ್ತದೆ. ಡಾಕ್ಟರಮ್ಮ ಕೆಳಗಿನಿಂದ ಸಣ್ಣ ದೀಪ ಕಟ್ಟಿದ ನಳಿಗೆ ಹಾಕಿ, ಎದುರಿನ ಟಿವಿಯಂಥದ್ದನ್ನು ಅವನತ್ತ ತಿರುಗಿಸಿದ್ದರು. ನಾಚಿಕೆಯಿಂದ ಸಾಯುವವನ ಹಾಗೆ ಮಗ್ಗುಲಾಗಿ ಬಿದ್ದಿದ್ದ ಗೌತಮ ಹೇಸಿಗೆ ಕಾಣುತ್ತದೆಂದು ಕಣ್ಣು ಮುಚ್ಚಿದ್ದ, ತೆರೆದ. ಒದ್ದೆಯಾಗಿ ಹೊಳೆಯುವ ಗೋಡೆ. ಮಡಿಕೆ ಮಡಿಕೆಯಾಗಿ, ಒಂದು ಬಳೆಯ ಹಿಂದೆ ಇನ್ನೊಂದು ಬಳೆ ಇಟ್ಟ ಹಾಗೆ, ತೆರೆಯುತ್ತ ತೆರೆಯುತ್ತ ಮುಗಿಯದ ಹಾದಿ. ಸಣ್ಣವನಿದ್ದಾಗ ಅಪ್ಪ ಅವನನ್ನು ಊರ ಹೊರಗೆ ಸುರಂಗ ಬಾವಿಯ ಬಾಯಿಗೆ ಕರೆದೊಯ್ದು ಬಗ್ಗಿಸಿದ್ದ. ಮೇಲೆ ಎತ್ತಿನ ಬಂಡಿ ಓಡಾಡುತ್ತಿರುವಾಗ ಕೆಳಗೆ ಎಷ್ಟೋ ಆಳದಲ್ಲಿ, ಯಾವ ಕಾಲದವರೋ ಕೊರೆದಿಟ್ಟ ಕತ್ತಲಲ್ಲಿ ನೀರು ತನ್ನ ಪಾಡಿಗೆ ತಾನು ಹರಿದು ಹೋಗುತ್ತಿತ್ತು. ಹಾಗೇ ಇತ್ತು ಇದು. ನಂತರ ಕೆಂಪು ಬಂತು. ಗೋಡೆಯ ತುಂಬ ತರಚಿದಂಥ ಹುಣ್ಣು, ದೀಪ ಮುಟ್ಟಿದಲ್ಲೆಲ್ಲ ರಕ್ತ ಒಸರುತ್ತಿತ್ತು. ಇಷ್ಟು ಗಾಯವಾದರೂ ಅದು ನಿಂತಿರಲಿಲ್ಲ, ಅವನ ಕಣ್ಣೆದುರಿಗೇ ಮೆಲ್ಲಗೆ ಬಿಗಿದು, ಸಡಿಲಾಗಿ, ತನ್ನ ಕೆಲಸ ಮಾಡುತ್ತಲೇ ಇತ್ತು. ತಾನು ಹೊಲಸೆಂದು ದಿನವಿಡೀ ಬೈಯುತ್ತಿದ್ದುದು ಇದನ್ನೇ ಏನು ಎಂದುಕೊಂಡ. ಅವನಿಗೇ ಗೊತ್ತಿಲ್ಲದೆ ಎರಡೂ ಕೈ ಕೂಡಿಕೊಂಡವು. 'ತ್ರಾಸ ಆಗಾಕತ್ತೈತೇನ್ರಿ' ಎಂದು ನರ್ಸಮ್ಮ ಬಗ್ಗಿ ಕೇಳಿದಳು. ಇಲ್ಲವೆಂದು ತಲೆಯಾಡಿಸಿದ. ಅವನು ಮನಸ್ಸಿಟ್ಟು ಕೈ ಮುಗಿದದ್ದು ಅದೊಂದೇ ಸಲ.

'ಇದು ಮೂಲವ್ಯಾಧಿ ಅಲ್ರಿ' ಎಂದರು ಡಾಕ್ಟರಮ್ಮ ಆಮೇಲೆ. 'ರೋಗದ ಜೋಡಿ ಹೊಡದಾಡಾಕಂತ ಮೈಯಾಗ ಒಂದ ಕಾವಲು ಇರತೈತಲ್ಲ, ಅದು ಗುರ್ತ ತಪ್ಪಿ ನಿಮ್ಮ ಕರುಳನ್ನ ವೈರಿ ಅಂತ ತಿಳಕೊಂಡೈತಿ. ತಾನ ಕಾಯೋ ಮನಿಗೆ ತಾನ ಬಡ್ಯಾಕತ್ತೈತಿ.'

'ಯಾಕ್ರಿ?'

'ಯಾಕಂತ ಪೂರಾ ಯಾರಿಗೂ ಗೊತ್ತಿಲ್ರಿ.'

ಅಷ್ಟು ಓದಿದವರು ಗೊತ್ತಿಲ್ಲ ಎಂದು ಅಷ್ಟು ಸರಳವಾಗಿ ಹೇಳಿದ್ದನ್ನು ಗೌತಮ ಅದುವರೆಗೆ ಕೇಳಿರಲಿಲ್ಲ. ಯಾರಿಗೆ ಬರುತ್ತದೆ ಎಂದು ಕೇಳಿದ. ಯಾರಿಗಾದರೂ, ಗಂಡಸು ಹೆಂಗಸು ಅಂತಿಲ್ಲ, ಬಡವ ಸಾಹುಕಾರ ಅಂತಿಲ್ಲ, ಬಹಳ ಮಾಡಿ ಹರೆಯದಲ್ಲಿ ಶುರುವಾಗುತ್ತದೆ, ಅವನ ಹಾಗೆ ನಲವತ್ತರ ಹತ್ತಿರವೂ ಬರಬಹುದು. ಪೂರ್ತಿ ಬಿಟ್ಟು ಹೋಗುವುದಿಲ್ಲ. ಗುಳಿಗೆ ಕೊಟ್ಟು ಮಲಗಿಸಿ ಇಡಬಹುದು. ಮಲಗಿತೆಂದು ಗುಳಿಗೆ ಬಿಟ್ಟರೆ ಮತ್ತೆ ಏಳುತ್ತದೆ. ಇನ್ನೊಂದಿಷ್ಟು ತಡ ಮಾಡಿದ್ದರೆ ಕರುಳಿಗೆ ತೂತು ಬೀಳುವುದಿತ್ತು ಎಂದೂ ಹೇಳಿದರು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದವರನ್ನು ಅವನು ಹೋಗುವಾಗ ನೋಡಿರಲಿಲ್ಲ, ಬರುವಾಗ ನೋಡಿದ. ಮೀಸೆ ತಿರುವಿದ ಒಬ್ಬ ಪೈಲ್ವಾನ, ಹಣೆಗೆ ವಿಭೂತಿ ಹಚ್ಚಿದ ಮಾಸ್ತರರು, ಬುರ್ಖಾದೊಳಗಿನ ಬಸುರಿ, ಸಾಲಿಯ ಸಮವಸ್ತ್ರದ ಒಂದು ಹುಡುಗಿ. ಎಲ್ಲರೂ ಬಾಗಿಲ ಹತ್ತಿರದ ಜಾಗ ಹಿಡಿದಿದ್ದರು.

ಗುಳಿಗೆ ಹಿಡಿಯಿತು. ಮೈ ತುಂಬಿಕೊಂಡಿತು. 'ಅಲ್ರೀ, ಹೆಂಗ ಒಣಗಿದ್ರಿ, ಹೆಂಗ ಚಿಗತ್ರಿ, ಯಾರ ಗುಣ ಮಾಡಿದ್ರು' ಎಂದು ತುಕಾರಾಮ ಚಹಾ ಕುಡಿಯುತ್ತ ಕೇಳಿದ ದಿನ ಗೌತಮ ಗದ್ದವನ್ನಷ್ಟೇ ಬೇವಿನ ಗಿಡದ ಕಡೆ ಎತ್ತಿದ. ಸಾಕಾಯಿತು. ತುಕಾರಾಮನ ಬಾಯಿ ಅಂದರೆ ಊರಿಗೆಲ್ಲ ಡಂಗುರ. ಮರುವಾರದಿಂದಲೇ ಮಂದಿ ಇಳಿಯತೊಡಗಿದರು. ಗೋರಿಗೆ ಹೊಸ ಹಸಿರು ಬಟ್ಟೆ ಬಂತು, ಬೇವಿನ ಟೊಂಗೆಗೆ ದಾರ ಬಂದವು, ಮಕ್ಕಳಾಗದವರು ಕಟ್ಟಿದ ಪುಟ್ಟ ತೊಟ್ಟಿಲು ಗಾಳಿಗೆ ತೂಗಾಡತೊಡಗಿತು. ದೇವರನ್ನೇ ನಂಬದವನು ತನ್ನ ಸಂಡಾಸಿನ ಅವಸರದಿಂದ ಒಬ್ಬ ಪೀರನನ್ನು ಜಾಗೃತ ಮಾಡಿ ಕೂರಿಸಿದ್ದ. ಒಬ್ಬನೇ ಇದ್ದಾಗ ನಗು ಬರುತ್ತಿತ್ತು, ಜೊತೆಗೆ ಅಂಜಿಕೆಯೂ ಆಗುತ್ತಿತ್ತು.

ಬಬಲೇಶ್ವರದಲ್ಲಿ ಗಾಡಿ ತುಂಬಿತು. ಅಲ್ಲಿಂದ ಹೊರಟಾಗ ಮಮದಾಪುರದಲ್ಲಿ ಹತ್ತಿದ್ದ ಚಮನಸಾಬ ತನ್ನ ಸೀಟು ಬಿಟ್ಟು ಡ್ರೈವರನ ಹಿಂದಿನ ಕಂಬ ಹಿಡಿದು ನಿಂತ. ಕುರಿ ವ್ಯಾಪಾರದವನು, ಗಟ್ಟಿ ದನಿಯವನು, ಇಂದು ಯಾಕೋ ಕಿವಿಯ ಹತ್ತಿರ ಬಗ್ಗಿದ.

'ಡ್ರೈವರ್ ಸಾಹೇಬ್ರ, ನಿಮಗ ಎಷ್ಟ ದಿನಕ್ಕ ಗುಣ ಆತ್ರಿ?'

'ಯಾಕ್ರಿ?'

'ನನ್ನ ಮಗಳ ಸಲುವಾಗ್ರಿ. ಜೀನತ. ಹೊಟ್ಟಿ ನಿಲ್ಲವಲ್ದು. ರಕ್ತಾನೂ ಹೊಂಟೈತಿ. ಬಬಲೇಶ್ವರದ ಡಾಕ್ಟರು ವಿಜಯಪುರಕ್ಕ ಒಯ್ರಿ, ನಳಿಗಿ ಹಾಕಿ ನೋಡಬೇಕು ಅಂದಾರ. ಮದಿವಿ ಮಾಡೋ ಹುಡಿಗಿರಿ. ಅಂಥಾದ್ದು ನಾಕ ಮಂದಿಗೆ ಗೊತ್ತಾದ್ರ ಯಾರ ಮಾಡ್ಕೊಂತಾರ? ಅಷ್ಟರಾಗ ನಿಮ್ಮ ಸುದ್ದಿ ಕಿವಿಗೆ ಬಿತ್ತು. ಪೀರಸಾಹೇಬನ ಹತ್ರ ನಲವತ್ತ ದಿನ ಇಟ್ಟ ಬಿಡ್ತೇನಿ. ಆ ಗುಳಿಗಿ ಗಿಳಿಗಿ ಎಲ್ಲಾ ಬಂದ ಮಾಡೇನಿ. ಅಲ್ಲಿ ನೀರು, ಅಲ್ಲಿ ಸಕ್ಕರಿ, ಅಷ್ಟ.'

ಗೌತಮ ಕನ್ನಡಿಯಲ್ಲಿ ನೋಡಿದ. ಬಾಗಿಲ ಹತ್ತಿರದ ಮೊದಲ ಸೀಟು. ಇದೇ ಬಸ್ಸಿನಲ್ಲಿ ಬಬಲೇಶ್ವರದ ಕಾಲೇಜಿಗೆ ಬರುತ್ತಿದ್ದ ಹುಡುಗಿ. ಗೆಳತಿಯರ ಜೊತೆ ಮೆಟ್ಟಿಲ ಮೇಲೆ ನಿಂತು ನಕ್ಕು ನಕ್ಕು ತುಕಾರಾಮನಿಂದ ಬೈಸಿಕೊಳ್ಳುತ್ತಿದ್ದಳು. ಗುರುತು ಹತ್ತದಷ್ಟು ಇಳಿದಿದ್ದಳು. ತೊಡೆಯ ಮೇಲೆ ನೀರಿನ ಬಾಟಲಿ, ಕಾಲ ಹತ್ತಿರ ಸುತ್ತಿದ ಹಾಸಿಗೆಯ ಗಂಟು, ಒಂದು ಕೈ ಹೊಟ್ಟೆಯ ಮೇಲೆ. ಕಣ್ಣು ಮಾತ್ರ ಕಿಟಕಿಯ ಹೊರಗೆ ಓಡುತ್ತಿದ್ದವು, ಒಂದೊಂದು ಮನೆ, ಒಂದೊಂದು ಜಾಲಿ ಪೊದೆ, ಒಂದೊಂದು ಮೋಟುಗೋಡೆಯನ್ನು ಹಿಡಿದು ನೋಡಿ ಬಿಡುತ್ತಿದ್ದವು. ಆ ನೋಟವನ್ನು ಜಗತ್ತಿನಲ್ಲಿ ಯಾರು ಗುರುತಿಸದಿದ್ದರೂ ಅವನು ಗುರುತಿಸಬಲ್ಲ. ವಿಜಯಪುರ ಎಂದರೆ ಉಳಿದವರಿಗೆ ಗುಮ್ಮಟ, ಕೋಟೆ, ಬಜಾರು. ಅವನ ವಿಜಯಪುರವೇ ಬೇರೆ, ಅವಸರಕ್ಕೆ ಒದಗುವ ಬಾಗಿಲುಗಳದ್ದು. ಊರ ಬಾಯಿಯ ಪೆಟ್ರೋಲ್ ಬಂಕು, ಸ್ಟ್ಯಾಂಡಿನ ಹಿಂದಿನ ಚಹಾದಂಗಡಿಯ ಓಣಿ, ಬೆಳಗಿನ ನಮಾಜು ಮುಗಿದ ಮೇಲೆ ಖಾಲಿಯಿರುವ ಒಂದು ಮಸೂತಿಯ ಹಿಂಬದಿ, ಸೊಲ್ಲಾಪುರ ರಸ್ತೆಯ ಗ್ಯಾರೇಜಿನ ಕೊನೆಯ ತಗಡು. ಅಂಥ ಊರಿನಲ್ಲಿ ತಾನೊಬ್ಬನೇ ಇರುವುದೆಂದು ತಿಳಿದಿದ್ದ. ಈ ಹುಡುಗಿಯೂ ಅದೇ ಊರಿನವಳು. ನಲವತ್ತು ದಿನ. ಬರೀ ಬೇರು ಅರೆದು ಕುಡಿದ ತನ್ನ ತಿಂಗಳುಗಳು ನೆನಪಾದವು, ತೂತು ಬೀಳುವುದಿತ್ತು ಎಂದ ಮಾತು ನೆನಪಾಯಿತು. ತನ್ನ ಒಂದು ಗದ್ದದ ಸನ್ನೆ ಇಷ್ಟು ದೂರ ನಡೆದುಕೊಂಡು ಹೋಗಿ ಈ ಮಗುವಿನ ಕೈ ಹಿಡಿದು ಎಳೆದು ತಂದಿದೆ ಎಂದು ಅನ್ನಿಸಿದಾಗ ಬೇವಿನ ಗಿಡ ಎದುರಿಗೇ ಬಂದಿತ್ತು. ತುಕಾರಾಮ ಸೀಟಿ ಊದಿದ.

ಜೀನತ ಎಲ್ಲರಿಗಿಂತ ಮೊದಲು ಇಳಿದಳು, ಅಪ್ಪನ ಕಡೆ ನೋಡಲಿಲ್ಲ, ಗೋರಿಯ ಕಡೆಯೂ ನೋಡಲಿಲ್ಲ. ಗೋರಿ ನೋಡಿಕೊಳ್ಳುವ ಮುದುಕಿ ಮಾಸುಮಬಿ ಹೊಸಿಲಲ್ಲಿ ಕೂತಿದ್ದವಳು ಕೈ ಎತ್ತಿ ಮನೆಯ ಹಿಂದಕ್ಕೆ ತೋರಿಸಿದಳು, ಅಷ್ಟೇ. ನೀಲಿ ಬಾಗಿಲು ಮುಚ್ಚಿತು. ಚಮನಸಾಬ ಹಾಸಿಗೆಯ ಗಂಟು ಇಳಿಸುತ್ತಿದ್ದ. ಗೌತಮ ಮುದುಕಿಯ ಹತ್ತಿರ ಹೋದ.

'ಆಯಿ, ಆ ಹುಡುಗಿಗೆ ನನ್ನಂಗ ಆಗೈತಿ.'

'ಕಂಡ್ನೆಪಾ. ಬಕೀಟ ತುಂಬಿಸಿ ಇಟ್ಟೇನಿ.'

'ಬಕೀಟು?'

'ನಿನಗಂತ ಇಡತಿದ್ನೆಲ್ಲ ದಿನಾ, ನಿನ್ನ ಬಸ್ಸಿನ ಹೊತ್ತಿಗೆ. ಈಗೀಗ ನೀ ಬರೂದಿಲ್ಲ, ಆದ್ರೂ ಇಡ್ತೇನಿ.'

ಹೌದಲ್ಲ. ತಾನು ಬರುತ್ತಿದ್ದಷ್ಟು ದಿನವೂ ಆ ಬಕೆಟು ತುಂಬಿಯೇ ಇರುತ್ತಿತ್ತು. ಬೇಸಿಗೆಯಲ್ಲಿ ಸುತ್ತಲಿನ ಬೋರುಗಳೆಲ್ಲ ಕೈ ಕೊಟ್ಟಾಗಲೂ ತುಂಬಿತ್ತು. ಅದನ್ನು ಯಾರು ತುಂಬುತ್ತಾರೆ, ಎಲ್ಲಿಂದ ಹೊತ್ತು ತರುತ್ತಾರೆ ಎಂದು ಒಮ್ಮೆಯೂ ಯೋಚಿಸದೆ ಸುರಿದುಕೊಂಡು ಹೊರಬಂದು, ಸುಳ್ಳು ಕೈ ಮುಗಿದು ಹೋಗಿದ್ದ.

'ನಿನಗ ಮೊದಲ ಗೊತ್ತಿತ್ತೇನ ಆಯಿ?'

'ಇಲ್ಲಿ ಕೈ ಮುಗಿಯಾಕ ಬರಾವ ಮೊದಲ ಗೋರಿ ಕಡೆ ನೋಡ್ತಾನ. ನೀ ಸಂಡಾಸದ ಕಡೆ ನೋಡಿದ್ದಿ.'

'ಮತ್ತ ಯಾರಿಗೂ ಹೇಳಲಿಲ್ಲಾ?'

'ನಿನ್ನ ಮರ್ಯಾದಿ ಒಯ್ದು ಹಾದಿ ಮ್ಯಾಲ ಹರವ್ಲೇನು?' ಎಂದು ಮುದುಕಿ ಎಲೆಯಡಿಕೆಯ ಚೀಲದ ಬಾಯಿ ಬಿಚ್ಚಿದಳು.

ಗೌತಮ ವಾಪಸು ಬಸ್ಸಿನ ಕಡೆ ನಡೆದ. ಹೇಳದಿದ್ದರೂ ನಡೆಯುತ್ತದೆ, ಚಮನಸಾಬನನ್ನು ಬದಿಗೆ ಕರೆದು ಅವನೊಬ್ಬನಿಗೇ ಹೇಳಬಹುದು; ಆದರೆ ತುಕಾರಾಮ ಇದ್ದಾನೆ, ಮಮದಾಪುರವೆಲ್ಲ ನಂಬಿಕೊಂಡಿದೆ, ಒಬ್ಬನ ಕಿವಿಯಲ್ಲಿ ಹೇಳಿದ ಮಾತು ನೂರು ಬಾಯಿಯ ಮಾತಿನ ಮುಂದೆ ನಿಲ್ಲುವುದಿಲ್ಲ. ನಾಳೆ ಈ ಬಸ್ಸಿನಲ್ಲಿ ತಾನು ಹತ್ತಿ ಕೂತಾಗ ಈ ಎಲ್ಲ ಕಣ್ಣುಗಳೂ ತನ್ನ ಖಾಕಿ ಪ್ಯಾಂಟಿನ ಹಿಂಬದಿಯನ್ನೇ ನೋಡುತ್ತವೆ. ಅಪ್ಪನಿಗೆ ಸುದ್ದಿ ಸಂಜೆಯೊಳಗೆ ಮುಟ್ಟುತ್ತದೆ. ಬಾಗಿಲ ಮೆಟ್ಟಿಲ ಮೇಲೆ ನಿಂತು, ಒಳಗಿದ್ದವರಿಗೂ ಕೆಳಗಿಳಿದವರಿಗೂ ಕೇಳಲೆಂದು ದನಿ ಎತ್ತಿದ.

'ಸ್ವಲ್ಪ ಕೇಳ್ರಿ ಎಲ್ಲಾರೂ. ನಾ ಇಲ್ಲಿ ಪೀರಸಾಹೇಬಗ ಕೈ ಮುಗಿಯಾಕ ಇಳದಾವಲ್ಲ. ಆ ನೀಲಿ ಬಾಗಲಾ ಕಾಣತೈತಲ್ಲ, ಸಂಡಾಸದ್ದು, ಅಲ್ಲಿಗೆ ಇಳದಾವ.'

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ನಗು ಅಲ್ಲೇ ನಿಂತಿತು.

'ನನ್ನ ಕರುಳಿಗೆ ಹುಣ್ಣ ಆಗಿದ್ವು. ರಕ್ತ ಬೀಳತಿತ್ತು. ಒಮ್ಮೆ ಬಂತಂದ್ರ ತಡಕೊಳ್ಳಾಕ ಆಗತಿದ್ದಿಲ್ಲ. ನಾಚಿಕಿ ಬಂದು ದೇವರ ಹೆಸರ ಹೇಳಿದೆ. ಆ ಬ್ಯಾನೀನ ಮಲಗಿಸಿದ್ದು ವಿಜಯಪುರದ ದವಾಖಾನಿ. ಪೂರಾ ಗುಣ ಅಲ್ಲ, ಮಲಗೈತಿ, ಅಷ್ಟ. ಇವತ್ತೂ ಮುಂಜಾನೆ ನುಂಗೇ ಬಂದೇನಿ.' ಕಿಸೆಯಿಂದ ಗುಳಿಗೆಯ ಪಟ್ಟಿ ತೆಗೆದು ಹಿಡಿದ.

'ಹಂಗಾರ ನಾ ಕೇಳಿದಾಗ ಸುಳ್ಳ ಹೇಳಿದ್ರೇನ್ರಿ?' ತುಕಾರಾಮನ ಮುಖ ಸಣ್ಣದಾಗಿತ್ತು.

'ಹೌದಪಾ.'

ಸಕ್ಕರೆಯ ಪೊಟ್ಟಣ ಹಿಡಿದು ಕೆಳಗೆ ನಿಂತಿದ್ದ ಸಾರವಾಡದ ಸತ್ಯವ್ವ ಕೇಳಿದಳು, 'ಅದು ಹತ್ತೂ ಬ್ಯಾನಿ ಐತೇನ್ರಿ?'

'ಇಲ್ಲವ್ವಾ. ಮುಟ್ಟಿದ್ರ, ಕೂಡಿ ಉಂಡ್ರ ಹತ್ತಂಗಿಲ್ಲ. ಯಾರದೋ ಪಾಪಕ್ಕ ಬಂದದ್ದೂ ಅಲ್ಲ. ಯಾರಿಗ ಬೇಕಾದ್ರೂ ಬರತೈತಿ. ಮುಚ್ಚಿಟ್ಟಷ್ಟೂ ಒಳಗ ಸುಡತೈತಿ.'

ಚಮನಸಾಬನ ಹೆಸರನ್ನಾಗಲಿ ಹುಡುಗಿಯ ಹೆಸರನ್ನಾಗಲಿ ಗೌತಮ ತೆಗೆಯಲಿಲ್ಲ. ಅಷ್ಟು ಮರ್ಯಾದೆ ಮಾತ್ರ ಕಾಯ್ದುಕೊಂಡಿದ್ದ. ಆದರೂ ಚಮನಸಾಬನ ಮುಖ ಕಪ್ಪಿಟ್ಟಿತು. ಎಲ್ಲರೆದುರು ಹಾಸಿಗೆಯ ಗಂಟು ಎತ್ತಿಕೊಂಡು, ಯಾರನ್ನೂ ನೋಡದೆ, ಮುದುಕಿಯ ಮನೆಯತ್ತ ಹೆಜ್ಜೆ ಹಾಕಿದ. ನೀಲಿ ಬಾಗಿಲು ತೆರೆದಿತ್ತು. ಜೀನತ ಗೋಡೆ ಹಿಡಿದುಕೊಂಡು ನಿಂತಿದ್ದಳು, ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಮುಖ ಬಿಳಿಚಿತ್ತು, ಹಣೆಯ ಮೇಲೆ ಬೆವರು.

'ಅಬ್ಬಾ, ನಾ ಹೋಗ್ತೇನಿ' ಎಂದಳು ಅಪ್ಪನಿಗೆ.

'ಎಲ್ಲಿಗೆ ಬೇ?'

'ಆ ನಳಿಗಿ ಹಾಕೋ ಕಡೆ.'

ಇದನ್ನು ಅವಳು ಪಿಸುಗುಡಲಿಲ್ಲ. ಬಸ್ಸಿನವರಿಗೆಲ್ಲ ಕೇಳಿಸಿತು. ಒಂದು ಕೈಯಲ್ಲಿ ಬಾಟಲಿ, ಇನ್ನೊಂದು ಹೊಟ್ಟೆಯ ಮೇಲೆ, ಅಷ್ಟು ಜನರ ನಡುವೆ ತಲೆಯೆತ್ತಿ ನಡೆದು ಬಂದು ಮೆಟ್ಟಿಲೇರಿ ಅದೇ ಸೀಟಿನಲ್ಲಿ ಕೂತಳು. ಗೌತಮನಿಗೆ ಎರಡು ವರ್ಷ ಹಿಡಿದ ದಾರಿಯನ್ನು ಈ ಹುಡುಗಿ ನೀಲಿ ಬಾಗಿಲಿನಿಂದ ಬಸ್ಸಿಗೆ ನಡೆದು ಮುಗಿಸಿದ್ದಳು. ಟಿವಿಯಲ್ಲಿ ಆ ಗಾಯದ ಗೋಡೆ ಬಿಗಿದು ಸಡಿಲಾಗುತ್ತ ತನ್ನ ಕೆಲಸ ಮಾಡಿಕೊಂಡು ಹೋದದ್ದನ್ನು ನೋಡಿದಾಗ ಆದದ್ದೇ ಈಗಲೂ ಆಯಿತು. ಮಾಸುಮಬಿ ಎದ್ದು ಬಂದಳು, ಚಮನಸಾಬನ ಕೈಯಿಂದ ಗಂಟು ಕಸಿದುಕೊಂಡು ಬಸ್ಸಿನ ಮೆಟ್ಟಿಲ ಮೇಲೆ ಇಟ್ಟಳು. 'ತಗೊಂಡ ಹೋಗು. ಇಲ್ಲಿ ಹಾಸಾಕ ಜಾಗ ಇಲ್ಲ' ಎಂದಳು. ಚಮನಸಾಬ ಗಂಟನ್ನು ಒಳಗೆ ತಳ್ಳಿದ. ಆಮೇಲೆ ಹತ್ತಿದ. ಸತ್ಯವ್ವ ಮಾತ್ರ ಗೋರಿಗೆ ಹೋಗಿ ಸಕ್ಕರೆ ಹಂಚಿಯೇ ಬಂದಳು. 'ನಂದು ಮೊಣಕಾಲಿನ ಹರಕಿ, ಅದು ಬ್ಯಾರೆ' ಎಂದು ತುಕಾರಾಮನ ಕೈಗೂ ಒಂದಿಷ್ಟು ಹಾಕಿದಳು.

ಗಾಡಿ ಶುರುವಾಯಿತು. ಕನ್ನಡಿಯಲ್ಲಿ ಜೀನತಳ ಕಣ್ಣು ಮತ್ತೆ ಹೊರಗೆ ಓಡತೊಡಗಿದ್ದವು.

'ಕಾಕಾ' ಎಂದಳು, 'ಮುಂದಿಂದು ಎಲ್ಲೈತ್ರಿ?'

ಏನೆಂದು ಅವನು ಕೇಳಬೇಕಾಗಲಿಲ್ಲ. 'ಊರ ಬಾಯಾಗ ಪೆಟ್ರೋಲ್ ಬಂಕ್ ಐತವ್ವಾ. ಅಲ್ಲೀತನಕ...' ಎಂದು ತಡೆದ. ಅಲ್ಲಿಯ ತನಕ ಏನೂ ಇಲ್ಲ. ಅವನ ನಕಾಶೆಯಲ್ಲಿ ಬೇವಿನ ಗಿಡದಿಂದ ವಿಜಯಪುರದವರೆಗೆ ಬರೀ ಬಯಲು, ಹಲ್ಲು ಕಚ್ಚಿ ದಾಟುವ ಹಾದಿ.

'ಸಾರವಾಡದಾಗ ಸ್ಟ್ಯಾಂಡ ಬಾಜೂಕ ನಮ್ಮನಿ ಐತಿ' ಎಂದಳು ಸತ್ಯವ್ವ ಹಿಂದಿನಿಂದ. 'ಹಿತ್ತಲ ಬಾಗಲಾ ಹಾಕಂಗಿಲ್ಲ. ಕೇಳೂದೂ ಬ್ಯಾಡ, ಸೀದಾ ಹೋಗಬೇಕು.'

'ಅಲ್ಲಿಂದ ಮುಂದ ನಮ್ಮ ಹೊಲದ ಮನ್ಯಾಗ ಐತ್ರಿ, ಟ್ರ್ಯಾಕ್ಟರ್ ನಿಂತಿರತೈತಲ್ಲ, ಅದರ ಹಿಂದ' ಎಂದ ರುಮಾಲಿನ ಒಬ್ಬ.

'ಸಾಲಿದು ಐತಿ. ಕೀಲಿ ನನ್ನ ಕಡೇನ ಇರತೈತಿ' ಎಂದಿತು ಇನ್ನೊಂದು ದನಿ.

ಬಾಗಿಲ ಪಕ್ಕದ ಕಿಟಕಿಗೆ ಒರಗಿ ಕೂತಿದ್ದ ಮುದುಕ ಗೊಲ್ಲಾಳಪ್ಪ ಕೆಮ್ಮಿದ. ವರ್ಷಗಟ್ಟಲೆ ಇದೇ ಬಸ್ಸಿಗೆ ಬಂದು, ಯಾವಾಗಲೂ ಬಾಗಿಲ ಹತ್ತಿರವೇ ಜಾಗ ಹಿಡಿಯುವ ಮನುಷ್ಯ. ಜಗಳಗಂಟ ಎಂದು ಹೆಸರಾದವನು. 'ಆ ಎರಡ ಹುಣಸಿ ಗಿಡ ಅದಾವಲ್ಲ' ಎಂದ, ಯಾರ ಮುಖವನ್ನೂ ನೋಡದೆ, 'ಅದರ ಹಿಂದ ಒಂದ ಹಳೇ ಪಂಪಿನ ಕೋಲಿ ಐತಿ. ಯಾರಿಗೂ ಗೊತ್ತಿಲ್ಲ. ನಾನ ಒಂದ ಕೊಡಾ ನೀರ ತುಂಬಿ ಇಟ್ಟಿರತೇನಿ.'

ಗೌತಮ ಗಾಡಿಯ ವೇಗ ತಗ್ಗಿಸಿದ. ಎರಡು ಹುಣಸೆ ಗಿಡ ದೂರದಲ್ಲಿ ಕಂಡವು. ದಿನಕ್ಕೆ ಎಷ್ಟೋ ಸಲ ಅವನು ಅವುಗಳ ಮುಂದೆಯೇ ಹೋಗುತ್ತಿದ್ದ.